ಹನ್ನೊಂದು ಮೀನು

ಹೊರಗೆ ತಾಮ್ರದ ಕೊಡ ತಿಕ್ಕುವ ಸದ್ದು ಕೇಳಿ, ಮಂಜುಗಟ್ಟಿದ ಬಾಟಲಿಯನ್ನು ನೀರಿಗೆ ಇಳಿಸುತ್ತಿದ್ದ ಸಿದ್ಧಾರೂಢನ ಕೈ ಅಲ್ಲೇ ನಿಂತಿತು. ಆ ಕೊಡವನ್ನು ಅವ್ವ ಮೂರು ವರ್ಷದಿಂದ ಮುಟ್ಟಿರಲಿಲ್ಲ.

ಮಿರಗ, ಅಂದರೆ ಮೃಗಶಿರಾ ಮಳೆ, ಹುಟ್ಟಿ ನಾಲ್ಕು ದಿನವಾಗಿತ್ತು. ಎರಡು ಮಳೆ ಬಿದ್ದು ಮೂರನೆಯದಕ್ಕೆ ಮುಗಿಲು ಬಿಗಿದುಕೊಂಡಿತ್ತು; ಸೆಕೆ ಮಾತ್ರ ಹೋಗಿರಲಿಲ್ಲ. ಸುತ್ತಲಿನ ಊರುಗಳಲ್ಲಿ ಹೆಸರು ಬಿತ್ತಲು ಕೂರಿಗೆ ಹೂಡಿದ್ದರು. ಧಾರವಾಡದ ಸಪ್ತಾಪುರದ ಈ ಬಾಡಿಗೆ ಮನೆಯಲ್ಲಿ ಬಿತ್ತುವುದಕ್ಕೆ ಏನೂ ಇರಲಿಲ್ಲ. ಬೆಳಗಿನ ಕೆಲಸವೆಂದರೆ ಬಾಟಲಿ ಬದಲಿಸುವುದು. ಕರಗಿದ್ದನ್ನು ತೆಗೆದು ಫ್ರಿಜ್ಜಿನಲ್ಲಿಡುವುದು, ಗಟ್ಟಿಯಾದದ್ದನ್ನು ತಂದು ಗಾಜಿನ ತೊಟ್ಟಿಯಲ್ಲಿ ತೇಲಿಬಿಡುವುದು. ನೀರು ಬಿಸಿಯಾದರೆ ಅವು ಬದುಕುವುದಿಲ್ಲ.

ಅವು ಎಂದರೆ ಎರಡು ಆಕ್ಸೊಲಾಟಲ್. ಮೆಕ್ಸಿಕೊ ದೇಶದ ಕೆರೆಯೊಂದರ ಪ್ರಾಣಿ. ಗೇಣುದ್ದ ಮೈ, ನೀರು ಬೆರೆಸಿದ ಹಾಲಿನ ಬಣ್ಣ, ಗಿಡ್ಡ ಗಿಡ್ಡ ನಾಲ್ಕು ಕಾಲು. ಕತ್ತಿನ ಎರಡೂ ಬದಿಗೆ ಗುಲಾಬಿ ಗರಿಗಳಂಥ ಕಿವಿರು. ಮುಚ್ಚಿದ ಬಾಯಲ್ಲಿ ಯಾರನ್ನೂ ಉದ್ದೇಶಿಸದ ಒಂದು ನಗು. ಕಪ್ಪೆಯ ಮರಿ ಕಪ್ಪೆಯಾಗಿ ದಂಡೆಗೆ ಬರುತ್ತದೆ, ಇದು ಬರುವುದಿಲ್ಲ. ಮರಿಯಾಗಿಯೇ ಬೆಳೆದು, ಮರಿಯಾಗಿಯೇ ಮುದಿಯಾಗಿ, ನೀರಿನಲ್ಲೇ ಸಾಯುತ್ತದೆ. ಪ್ರಾಣಿಶಾಸ್ತ್ರದ ತರಗತಿಯಲ್ಲಿ ಸಿದ್ಧಾರೂಢ ಹದಿನಾಲ್ಕು ವರ್ಷ ಇದರ ಚಿತ್ರ ಬಿಡಿಸಿದ್ದ. ಹದಿನಾಲ್ಕು ವರ್ಷವೂ ಅತಿಥಿ ಉಪನ್ಯಾಸಕನಾಗಿಯೇ.

ಅವ್ವ ಅವಕ್ಕೆ ನಗೋ ಹಲ್ಲಿ ಎಂದು ಹೆಸರಿಟ್ಟಿದ್ದಳು. “ಹುಟ್ಟಬೇಕೋ ಬ್ಯಾಡೋ ಅಂತ ವಿಚಾರ ಮಾಡಾಕತ್ತ ಕೂಸಿನಾಂಗ ಅದಾವಲ್ಲೋ,” ಎಂದಿದ್ದಳು ಮೊದಲ ದಿನ, ಗಾಜಿಗೆ ಮುಖ ಹಚ್ಚಿ. ಮಕ್ಕಳಿಲ್ಲದ ಮನೆ. ಹೆಂಡತಿ ಜಯಾ ಒಳಗೆ ಎದ್ದು ಹೋಗಿದ್ದಳು.

ಅವನು ಬಾಟಲಿ ಬಿಟ್ಟು ಅಂಗಳಕ್ಕೆ ಬಂದ. ಸಿಮೆಂಟಿನ ನೀರಿನ ಟಾಕಿಯ ಪಕ್ಕ ಅವ್ವ ಸತ್ಯವ್ವ ಕಾಲು ಚಾಚಿ ಕೂತು ಹುಣಸೆಹಣ್ಣು ಹಚ್ಚಿ ಕೊಡ ತಿರುಗಿಸುತ್ತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕೊಡ ಬೆಳಗಿತೋ ಇಲ್ಲವೋ ಎಂದು ಬೆರಳಿನಿಂದ ಸವರಿ ನೋಡುತ್ತಿದ್ದಳು.

“ಕೊಡ ಯಾಕವ್ವಾ?”

“ಮುರುಗ್ಯಾ ಜಯಾನ ಫೋನಿಗೆ ಮಾಡಿದ್ದ. ಹೊಂಡದಾಗ ಎದಿಮಟ ನೀರು ನಿಂತೈತಂತ. ಕೂರಿಗಿ ಬಿಟ್ಟ ಕೂಡ್ಲೇ ಬರ್ತೇನಿ, ನಾಲ್ಕಕ್ಕ ಮೀನ ತಯಾರ ಇರ್ಲಿ ಅಂದ.”

“ಇವತ್ತ?”

“ಮತ್ತ ಯಾವತ್ತ? ನಿನ್ನ ಕಾಲೇಜಿನ ಆರ್ಡರ್ ಬಂದ ಮ್ಯಾಲೇನು?” ಸತ್ಯವ್ವ ತನ್ನ ಮಾತಿಗೆ ತಾನೇ ನಕ್ಕಳು. “ಅಷ್ಟೊತ್ತಿಗೆ ಹೊಂಡ ಬತ್ತಿರ್ತೈತಿ.”

ಅಮ್ಮಿನಬಾವಿಯ ಹೊಲದ ಬಾವಿಯನ್ನು ಅಣ್ಣ ಮುರುಗೆಪ್ಪ ಮುಚ್ಚಿಸಿದ್ದ. ಕೊಳವೆಬಾವಿ ಬಂದಿತ್ತು, ಟ್ರ್ಯಾಕ್ಟರು ಹೊರಳಿಸಲು ಜಾಗ ಬೇಕಿತ್ತು. ಟಿಪ್ಪರು ಮಣ್ಣು ತಂದ ದಿನ ಸತ್ಯವ್ವ ಬೈಯಲಿಲ್ಲ, ಅಳಲಿಲ್ಲ. ಹಗ್ಗ ಕಟ್ಟಿ ಕೊಡ ಇಳಿಬಿಟ್ಟು ಮೀನು ಎತ್ತಿದಳು. ಹನ್ನೊಂದು ಸಿಕ್ಕವು. ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕಿರಿಯ ಮಗನ ಮನೆಗೆ ಬಂದು, ಅವನ್ನು ಈ ಟಾಕಿಗೆ ಬಿಟ್ಟಳು. ಆಮೇಲೆ ಊರಿಗೆ ಹೋಗಿರಲಿಲ್ಲ.

ಆ ಮನೆತನದಲ್ಲಿ ಹೊಸ ನೀರಿಗೆ ಹಳೆಯ ನೀರಿನ ಮೀನು ತಂದು ಬಿಡುವುದು ರೂಢಿ. ಮುತ್ತಜ್ಜ ತೋಡಿಸಿದ ಬಾವಿಗೂ ಅದಕ್ಕಿಂತ ಹಳೆಯ ಬಾವಿಯ ಮೀನು ಬಂದಿದ್ದವಂತೆ. ಮೀನು ಆಡದ ನೀರನ್ನು ದೇವರಿಗೆ ಎರೆಯುತ್ತಿರಲಿಲ್ಲ, ಎತ್ತಿಗೂ ಕುಡಿಸುತ್ತಿರಲಿಲ್ಲ. “ಅವು ಇದ್ದ ನೀರು ನಾವು ಕುಡದೇವಿ. ಅವುಕ್ಕ ನೀರು ಕೊಡೂದು ನಮ್ಮ ಮ್ಯಾಲಿನ ಋಣ,” ಎನ್ನುತ್ತಿದ್ದಳು ಸತ್ಯವ್ವ. ಮುರುಗೆಪ್ಪ ಈಗ ಹೊಲದಲ್ಲಿ ಹೊಂಡ ತೋಡಿಸಿ ತಳಕ್ಕೆ ಪ್ಲಾಸ್ಟಿಕ್ ಹಾಸಿದ್ದ. ಅವ್ವನನ್ನು ಮನೆಗೆ ಕರೆಯಲು ಅವನಿಗೆ ಬೇರೆ ಭಾಷೆ ಗೊತ್ತಿರಲಿಲ್ಲ.

ಸತ್ಯವ್ವ ಕೊಡ ಪಕ್ಕಕ್ಕಿಟ್ಟು, ಕೈ ತೊಳೆದು, ಟಾಕಿಯ ಮುಚ್ಚಳ ಸರಿಸಿದಳು. ಬೆರಳ ತುದಿಗೆ ರೊಟ್ಟಿಯ ಹಿಟ್ಟು ಮೆತ್ತಿಕೊಂಡು ಮಣಿಕಟ್ಟಿನವರೆಗೆ ಕೈ ಇಳಿಬಿಟ್ಟಳು. ದಿನಾ ಬೆಳಗಿನ ಪೂಜೆಯ ಹಾಗೆ ಇದು. ಮೀನು ಬಂದು ಬೆರಳು ಕಚ್ಚುತ್ತಿದ್ದವು. ಬಂದ ಹೊಸದರಲ್ಲಿ ಸಣ್ಣ ಹುಡುಗಿಯಂತೆ ಕಿಲಕಿಲ ಅನ್ನುತ್ತಿದ್ದಳು: “ಏ ಸಾಕು ಬಿಡ್ರಲೇ, ಬೆರಳ ತಿಂತೀರೇನು!”

ಈಗ ನಗಲಿಲ್ಲ. ಬಹಳ ಹೊತ್ತು ಕೈ ಹಾಗೇ ಬಿಟ್ಟಿದ್ದಳು.

“ಒಂದು ಕಡೀತು. ಉಳದಾವು ಎಲ್ಲಿ ಅಡಗ್ಯಾವೋ. ಇಲ್ಲಾ, ನನ್ನ ಬೆರಳಿಗೇ ತಿಳಿವಲ್ದು.” ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಗುಳಿಗಿ ಮುಗದಾವ ತಮ್ಮಾ. ಹೊರಗ ಹೋದ್ರ ತಗೊಂಬಾ.”

“ತರ್ತೇನಿ.”

ಟಾಕಿಯಲ್ಲಿ ಇದ್ದದ್ದು ಒಂದೇ ಮೀನು. ಉಳಿದ ಹತ್ತನ್ನು ಸಿದ್ಧಾರೂಢ ಆಕ್ಸೊಲಾಟಲ್‌ಗಳಿಗೆ ಹಾಕಿದ್ದ.

ಶುರುವಾದದ್ದು ಹೋದ ಆಗಸ್ಟಿನಲ್ಲಿ. ದಿನದ ಆಹಾರ ಎರೆಹುಳ. ಅದು ಮುಗಿದಿತ್ತು, ಮಳೆ ಬಿಡದ್ದರಿಂದ ತರಲು ಹೋಗಿರಲಿಲ್ಲ. ಅಪರೂಪಕ್ಕೊಮ್ಮೆ ಹಬ್ಬದೂಟದ ಹಾಗೆ ಜೀವಂತ ಮೀನು ಕೊಟ್ಟರೆ ಇವು ಚುರುಕಾಗಿರುತ್ತವೆ ಎಂದು ಓದಿದ್ದ. ಚಹಾ ಸೋಸುವ ಜರಡಿಯಿಂದ ಟಾಕಿಯ ಒಂದು ಮೀನು ಎತ್ತಿ ಗಾಜಿನ ತೊಟ್ಟಿಗೆ ಬಿಟ್ಟ. ಮೀನು ಎರಡು ಸುತ್ತು ಹಾಕಿತು. ಬಿಳಿಯ ತಲೆ ತುಸುವೇ ಹೊರಳಿತು, ಬಾಯಿ ತೆರೆದು ಮುಚ್ಚಿತು. ಅಷ್ಟೇ. ಬೆನ್ನಟ್ಟಲಿಲ್ಲ, ಹರಿಯಲಿಲ್ಲ, ರಕ್ತವಿಲ್ಲ. ಇದ್ದದ್ದು ಇಲ್ಲವಾಯಿತು. ಜೊತೆಗೆ ಬಾಯಿಗೆ ಹೋದ ಒಂದು ಹರಳನ್ನು ಮಾತ್ರ ಆಮೇಲೆ ಉಗುಳಿತು. ನಗು ಹಾಗೇ ಇತ್ತು.

ಜನ್ಮದಲ್ಲಿ ಮೀನು ಮಾಂಸ ಮುಟ್ಟದ ಸಿದ್ಧಾರೂಢನ ಬಾಯಲ್ಲಿ ನೀರೂರಿತ್ತು. ಅವನು ಅದನ್ನು ನುಂಗಿಕೊಂಡ.

ಆಮೇಲೆ ತಿಂಗಳಿಗೊಂದು. ಇಂಥ ದಿನ ಎಂದು ಗೊತ್ತು ಮಾಡಿರಲಿಲ್ಲ. ಯಾರಾದರೂ ‘ಇನ್ನೂ ಕಾಯಂ ಆಗಲಿಲ್ಲೇನ್ರಿ’ ಎಂದು ಕೇಳಿದ ದಿನ ಜರಡಿ ಕೈಗೆ ಬರುತ್ತಿತ್ತು. ಜಯಾ ಅಡಿಗೆಮನೆಗೆ ಹೊಸ ಜರಡಿ ತಂದಳು.

ಎಳ್ಳಮಾಸೆಯ ಹೊತ್ತಿಗೆ ಅವ್ವ ಬೆರಳಿಗೆ ಮೊದಲಿನಷ್ಟು ತಿಳಿಯುತ್ತಿಲ್ಲ ಎನ್ನತೊಡಗಿದಳು. ಅವನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಬೆರಳಿಗೆ ಸೂಜಿ ಚುಚ್ಚಿದರು. ಅವ್ವ “ಯವ್ವಾ” ಎಂದು ಕೈ ಎಳೆದುಕೊಂಡಳು. ವಯಸ್ಸಾಯಿತಲ್ಲ, ನರ ಸೋತಿರಬಹುದು ಎಂದು ಗುಳಿಗೆ ಬರೆದುಕೊಟ್ಟರು. ಸಿದ್ಧಾರೂಢ ಪ್ರತಿ ತಿಂಗಳೂ ತಪ್ಪದೆ ತಂದುಕೊಟ್ಟ. ಅವ್ವ ತಪ್ಪದೆ ನುಂಗಿದಳು.

ಯಾರೇ ಬಂದರೂ ಅವ್ವ ಒಂದು ಮಾತು ಹೇಳುತ್ತಿದ್ದಳು: “ದೊಡ್ಡಾವ ಬಾವಿ ಮುಚ್ಚಿದ, ಸಣ್ಣಾವ ಮೀನ ಉಳಿಸಿದ.” ಕಾಲೇಜಿನಲ್ಲಿ ಪ್ರತಿ ಜೂನಿಗೆ ಅಳಿಸಿ, ಮನಸ್ಸಾದರೆ ಆಗಸ್ಟಿಗೆ ಮತ್ತೆ ಬರೆಯುವ ಹೆಸರು ಅವನದು. ಜೂನಿನಲ್ಲಿ ಅವನು ಏನೂ ಅಲ್ಲ. ಯಾರೂ ಅಳಿಸದ ಜಾಗ ಆ ಮಾತೊಂದೇ ಆಗಿತ್ತು. ನಾಲ್ಕು ಗಂಟೆಗೆ ಅದು ಹೋಗುವುದಿತ್ತು.

ಅಡಿಗೆಮನೆಯಲ್ಲಿ ಜಯಾ ರೊಟ್ಟಿ ಬಡಿಯುತ್ತಿದ್ದಳು. ಬ್ಯಾಂಕಿಗೆ ಆದಿತ್ಯವಾರದ ರಜೆ. ವರ್ಷದ ಹನ್ನೆರಡು ತಿಂಗಳೂ ಸಂಬಳ ಬರುವುದು ಅವಳಿಗೆ.

“ನಾಲ್ಕಕ್ಕ ಅಣ್ಣ ಬರ್ತಾನ.”

“ಗೊತ್ತೈತಿ.”

“ಅವ್ವ ಏನರ ಕೇಳಿದ್ರ...”

“ನಾ ಆಗಿ ಹೇಳಾಂಗಿಲ್ಲ.” ರೊಟ್ಟಿ ತಿರುಗುವುದು ನಿಲ್ಲಲಿಲ್ಲ. “ಕೇಳಿದ್ರ ಸುಳ್ಳು ಹೇಳಾಂಗೂ ಇಲ್ಲ. ಫ್ರಿಜ್ಜಿನ್ಯಾಗಿಂದು ನಿಮ್ಮ ಬಾಟ್ಲಿ ಒಂದೆರಡು ತಗೀರಿ. ಮೊಸರು ಇಡಾಕ ಜಾಗಿಲ್ಲ.”

“ಹುಬ್ಬಳ್ಳಿಗೆ ಹೋಗಿ ಬರ್ತೇನಿ. ಗುಳಿಗಿ ತರಬೇಕು.”

“ಧಾರವಾಡದಾಗ ಗುಳಿಗಿ ಸಿಗೂದಿಲ್ಲೇನು?”

ಅವನು ಚಪ್ಪಲಿ ಮೆಟ್ಟಿಕೊಂಡ.

ಹುಬ್ಬಳ್ಳಿಗೆ ಓಡುವ ಚಿಗರಿ ಬಸ್ಸಿನೊಳಗೆ ತಂಪು ಗಾಳಿ ಬೀಸುತ್ತಿತ್ತು. ಹೊರಗಿನ ಸೆಕೆ ಗಾಜಿನ ಆಚೆ ಸಿನೆಮಾದಂತೆ ಹಾಯುತ್ತಿತ್ತು. ಅಮರಗೋಳದ ಹತ್ತಿರ ಒಬ್ಬ ರೈತ ಬೀಜದ ಚೀಲ ಹೊತ್ತು ಹತ್ತಿ, ಸೀಟು ಖಾಲಿ ಇದ್ದರೂ ಚೀಲದ ಮೇಲೆ ಕೈಯಿಟ್ಟು ನಿಂತೇ ಇದ್ದ. ಅಷ್ಟು ಜೋಪಾನ ಮಾಡುವಂಥದ್ದು ತನ್ನ ಹತ್ತಿರ ಏನಿದೆ ಎಂದು ಸಿದ್ಧಾರೂಢ ಯೋಚಿಸಿದ. ಬಾಟಲಿಗಳು ನೆನಪಾದವು.

ಆಫ್ತಾಬನ ಮೀನಿನ ಅಂಗಡಿ ಓಣಿಯ ಒಳಗೆ. ಎರಡು ವರ್ಷದ ಹಿಂದೆ ಆಕ್ಸೊಲಾಟಲ್ ಕೊಂಡದ್ದು ಇಲ್ಲಿಯೇ. ಗೋಡೆಯ ತುಂಬ ಗಾಜಿನ ತೊಟ್ಟಿ, ನೀಲಿ ದೀಪ, ನೀರಿನ ಗುಳುಗುಳು.

“ಬರ್ರಿ ಬರ್ರಿ ಪ್ರೊಫೆಸರ್ ಸಾಬ್! ನಿಮ್ಮ ಬಿಳಿ ಮಂದಿ ಹ್ಯಾಂಗದಾರ?”

“ಅದಾರ. ಮೀನು ಬೇಕಾಗಿತ್ತು. ಹತ್ತು.”

“ಒಮ್ಮೆಲೇ ಹತ್ತು? ಅವುಕ್ಕೇನು ಮದಿವಿ ಐತೇನ್ರಿ?” ಆಫ್ತಾಬ ಜಾಲರಿ ಕೈಗೆತ್ತಿಕೊಂಡ. “ಹಿಂದಕ ಕೇಳಿದ್ರ ಮನ್ಯಾಗ ಅದಾವ ಅಂದಿದ್ರಿ.”

“ಮುಗದೂ.”

“ಬಣ್ಣದ್ದು ಕೊಡ್ಲ್ಯಾ?”

“ಬ್ಯಾಡ. ಬೂದಿ ಬಣ್ಣದ್ದು. ಬೆರಳಿನ ಎರಡು ಗೆಣ್ಣಿನಷ್ಟು. ಬಾವಿ ಮೀನಿನಂಥಾವು.”

ಆಫ್ತಾಬ ಅವನನ್ನು ಒಂದು ಕ್ಷಣ ನೋಡಿದ. “ಎಲ್ಲಾರೂ ಬಣ್ಣ ಕೇಳ್ತಾರ, ನೀವು ಬಣ್ಣ ಇಲ್ಲದ್ದು ಕೇಳ್ತೀರಿ. ತಿನ್ನೂ ಬಾಯಿಗೆ ಏನು ಗೊತ್ತಾಗ್ತೈತಿ ಸಾಬ್?”

“ತಿನ್ನಾಕ ಅಲ್ಲ.”

“ಮತ್ತ?”

“ಇಡಾಕ.”

“ಗಪ್ಪಿ ಹೆಣ್ಣು ಅದಾವ ನೋಡ್ರಿ. ಬಣ್ಣ ಇರೂದಿಲ್ಲ ಅಂತ ಯಾರೂ ಒಯ್ಯಾಂಗಿಲ್ಲ. ಬಡವ್ರ ಮನಿ ಹುಡುಗ್ಯಾರಾಂಗ ಕುಂತಾವ.” ತನ್ನ ಮಾತಿಗೆ ತಾನೇ ನಕ್ಕು, ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ: “ಅಕಸ್ಮಾತ್ ಅವುಕ್ಕ ಹಾಕೂದಾದ್ರ ಒಂದು ತಿಂಗಳು ಬ್ಯಾರೆ ಇಟ್ಟು ಹಾಕ್ರಿ. ಹೊರಗಿನ ಮೀನು ಹೊರ‍ಗಿನ ರೋಗ ತರ್ತಾವ. ಆಮ್ಯಾಲೆ ನನ್ನ ಬೈಬ್ಯಾಡ್ರಿ.”

ಹತ್ತನ್ನೂ ಸಿದ್ಧಾರೂಢ ಒಂದೊಂದಾಗಿ ಆರಿಸಿದ. ಬೆನ್ನಿನ ಬೂದಿ, ಹೊಟ್ಟೆಯ ಬಿಳುಪು, ಉದ್ದ. ದೀಪದ ಕೆಳಗೆ ಹಿಡಿದು ನೋಡಿ ಬೇಡವಾದದ್ದನ್ನು ಮರಳಿ ಬಿಡಿಸಿದ. ಪ್ರಯೋಗ ಪರೀಕ್ಷೆಯಲ್ಲಿ ಇದನ್ನೂ ಬಾವಿಯ ಮೀನನ್ನೂ ಅಕ್ಕಪಕ್ಕ ಇಟ್ಟರೆ ಹುಡುಗರು ತಡವರಿಸಬೇಕು. ಬಹಳ ದಿನದ ಮೇಲೆ ತನ್ನ ವಿದ್ಯೆ ಯಾವುದಕ್ಕೋ ಬಂತು ಎಂದು ಅನಿಸಿತು. ಅನಿಸಿದ್ದಕ್ಕೆ ನಾಚಿಕೆಯಾಗಲಿಲ್ಲ ಎಂಬುದನ್ನೂ ಗಮನಿಸಿದ.

ಓಣಿಯ ತುದಿಯ ಅಂಗಡಿಯಲ್ಲಿ ಗುಳಿಗೆ ಕೊಂಡ. ಸುಳ್ಳು ಹೇಳಿ ಬಂದಿರಲಿಲ್ಲ, ಅಷ್ಟರಮಟ್ಟಿಗೆ.

ಮರಳುವ ಬಸ್ಸಿನಲ್ಲಿ ಮೀನಿನ ಪಾಕೀಟನ್ನು ಅಂಗೈಯಲ್ಲಿ ಹಿಡಿದು ಕೂತಿದ್ದ. ಗಾಳಿ ತುಂಬಿದ ಪ್ಲಾಸ್ಟಿಕ್ಕು, ಒಳಗೆ ಹತ್ತು ಜೀವ. ಉಣಕಲ್ಲಿನಲ್ಲಿ ಹತ್ತಿದ ಹೆಣ್ಣುಮಗಳೊಬ್ಬಳು ಎದುರಿಗೆ ನಿಂತಳು.

“ಸರ್, ನಮಸ್ಕಾರ್ರಿ. ಗುರ್ತು ಸಿಕ್ಕತೇನ್ರಿ? ಸಂಘಮಿತ್ರಾ. ನೀವು ನಮಗ ಕಪ್ಪಿ ಕೊಯ್ಯೂದು ಕಲಿಸಿದ್ರಿ.”

“ಹೌದೌದು. ಎಲ್ಲಿದ್ದೀ ಈಗ?”

“ಗದಗಿನ್ಯಾಗ್ರಿ. ಸರಕಾರಿ ಕಾಲೇಜು. ಕಾಯಂ ಆತು.” ಮುಖ ಬೆಳಗುತ್ತಿತ್ತು. “ಎಲ್ಲಾ ನಿಮ್ಮ ಆಶೀರ್ವಾದ್ರಿ. ಸರ್, ನೀವು ಇನ್ನೂ ಅಲ್ಲೇ...?”

“ಅಲ್ಲೇ.”

“ಹಾಂ.” ಅವಳು ಎಲ್ಲಿ ನೋಡಬೇಕೆಂದು ತಿಳಿಯದೆ ಪಾಕೀಟು ನೋಡಿದಳು. “ಮೀನು! ಮಕ್ಳಿಗೆ ಏನ್ರಿ?”

“ಹೂಂ,” ಎಂದ ಸಿದ್ಧಾರೂಢ. “ಮಕ್ಳಿಗೆ.”

ನವಲೂರಿನವರೆಗೆ ಇಬ್ಬರೂ ಮೀನು ನೋಡುತ್ತ ಬಂದರು.

ಮನೆ ಮುಟ್ಟಿದಾಗ ಒಂದು ಗಂಟೆ. ಸತ್ಯವ್ವ ಪಡಸಾಲೆಯಲ್ಲಿ ಮಲಗಿದ್ದಳು. ತಲೆಯ ಹತ್ತಿರ ಬಟ್ಟೆಯ ಗಂಟು, ಗಂಟಿನ ಮೇಲೆ ಬೆಳಗಿದ ಕೊಡ. ಅವನು ಸದ್ದಾಗದಂತೆ ಟಾಕಿಯ ಮುಚ್ಚಳ ಸರಿಸಿ ಪಾಕೀಟನ್ನು ಕಾಲು ಗಂಟೆ ನೀರ ಮೇಲೆ ತೇಲಿಬಿಟ್ಟ. ಕ್ರಮದಲ್ಲಿ ಏನೂ ತಪ್ಪಲಿಲ್ಲ. ಆಮೇಲೆ ಪಾಕೀಟಿನ ಗಂಟು ಬಿಚ್ಚಿದ. ಹತ್ತೂ ಒಂದೇ ಗೆರೆಯಲ್ಲಿ ಕತ್ತಲೆಗೆ ಇಳಿದವು. ತಳದಲ್ಲಿದ್ದ ಹಳೆಯ ಮೀನು ಯಾವುದು ಎಂದು ಅವನಿಗೇ ಗೊತ್ತಾಗಲಿಲ್ಲ. ಹನ್ನೊಂದು. ಎಣಿಸಿದ, ಹನ್ನೊಂದು.

ತಿರುಗಿದರೆ ಬಾಗಿಲಲ್ಲಿ ಜಯಾ ನಿಂತಿದ್ದಳು.

“ಊಟಕ್ಕ ಬರ್ರಿ,” ಎಂದಳು.

ಮುರುಗೆಪ್ಪ ಬಂದದ್ದು ನಾಲ್ಕೂವರೆಗೆ, ಯಾರದೋ ಟಂಟಂ ಆಟೊ ಓಡಿಸಿಕೊಂಡು. ಕಾಲಿಗೆ ಮೆತ್ತಿದ ಎರೆಮಣ್ಣು ಇನ್ನೂ ಹಸಿ. ಅಂಗಳದಿಂದಲೇ ದನಿ ಎತ್ತಿದ.

“ಏನ್ರಿ ಪ್ರೊಫೆಸರ್ ಸಾಹೇಬ್ರ, ಸೂಟಿ ಐತೋ ಕೆಲಸ ಐತೋ?”

“ಸೂಟಿ.”

“ಛಲೋ ಆತು ಬಿಡು. ಬಿತ್ತಾಕ ಬಾ ಅಂದ್ರ ಕೆಲಸ ಐತಿ ಅಂತೀ.” ಅವ್ವನ ಕಾಲು ಮುಟ್ಟಿದವನು ಏಳದೆ ಅಲ್ಲೇ ಕುಕ್ಕರಗಾಲಲ್ಲಿ ಕೂತ. ದನಿ ಸಣ್ಣದಾಯಿತು. “ಅವ್ವಾ, ಹೊಂಡ ಛಲೋ ಆಗೈತಿ. ಇನ್ನ ನಡಿ ಮನಿಗೆ.”

“ಬರ್ತೇನಿ ಅಂತ ಹೇಳೇನಲ್ಲೋ. ಮೊದ್ಲ ಚಹಾ ಕುಡಿ. ಮಾರಿ ನೋಡು, ಒಣಗಿದ ಬದನಿಕಾಯಿ ಆಗೈತಿ.”

“ನಿನಗ ಎಲ್ಲಿ ಕಾಣತೈತಿ ನನ್ನ ಮಾರಿ?”

“ದನಿ ಕೇಳತೈತಲ್ಲ.”

ಮುರುಗೆಪ್ಪ ನಗುತ್ತ ಒಳಗೆ ಹೋದ. ನಗೋ ಹಲ್ಲಿ ನೋಡಬೇಕು ಎಂದ. ಜಯಾ ಚಹಾಕ್ಕಿಟ್ಟಳು. ಅಂಗಳದಲ್ಲಿ ಅವ್ವ, ಮಗ ಇಬ್ಬರೇ ಉಳಿದರು.

ಸತ್ಯವ್ವ ಮುಚ್ಚಳ ಸರಿಸಿ, ಬೆರಳಿಗೆ ಹಿಟ್ಟು ಮೆತ್ತಿಕೊಂಡು ಕೈ ಇಳಿಬಿಟ್ಟಳು.

ನೀರು ಒಮ್ಮೆಲೇ ಕದಡಿತು. ಮೀನು ನಾಲ್ಕೂ ಮೂಲೆಗೆ ಚದರಿದವು. ಒಂದೆರಡು ಆಕೆಯ ಮುಂಗೈಗೆ ಬಡಿದು ಓಡಿದವು. ಆಕೆಯ ಮುಖ ಅರಳಿತು. “ಅದಾವ! ಎಷ್ಟಾಕೊಂದು ಅದಾವ ನೋಡೋ!”

ಸಿದ್ಧಾರೂಢ ಮುಚ್ಚಳಕ್ಕೆ ಕೈ ಹಾಕಿದ.

ಆಕೆ ಕೈ ತೆಗೆಯಲಿಲ್ಲ. ಕಾದಳು. ನೀರು ತಿಳಿಯಾಯಿತು. ಮೂಲೆಗೆ ಹೋದವು ಮೂಲೆಯಲ್ಲೇ ಉಳಿದವು. ತಳದಿಂದ ಒಂದೇ ಒಂದು ಮೀನು ಸಾವಕಾಶ ಎದ್ದು ಬಂದು ಕಿರುಬೆರಳು ಕಚ್ಚಿತು, ಪಕ್ಕದ ಬೆರಳು ಕಚ್ಚಿತು, ಮತ್ತೆ ಕಿರುಬೆರಳಿಗೆ ಬಂತು. ಅವನು ಬಣ್ಣ ನೋಡಿ ಮೀನು ಆರಿಸಿದ್ದ. ಅವ್ವ ಒಂದು ವರ್ಷದಿಂದ ಬಣ್ಣ ನೋಡಿರಲಿಲ್ಲ.

ಅರಳಿದ ಮುಖ ಹಾಗೇ ನಿಂತಿತು. ಆಮೇಲೆ ಮೆಲ್ಲಗೆ ಮುಚ್ಚಿಕೊಂಡಿತು.

“ಇವು ನನ್ನ ಕೈ ಕಂಡಿಲ್ಲ,” ಎಂದಳು.

“ಕೊಡ ನೋಡಿ ಹೆದರ್ಯಾವು ಅವ್ವಾ.”

“ಕೊಡ ಒಳಗೈತಿ.”

ಒಳಗಿನಿಂದ ಮುರುಗೆಪ್ಪನ ನಗು ಕೇಳಿಸಿತು. ಸತ್ಯವ್ವ ಕೈಯನ್ನು ನೀರಿನಿಂದ ತೆಗೆದು, ಹೆಬ್ಬೆರಳಿಗೆ ಒಂದೊಂದೇ ಬೆರಳನ್ನು ತಾಗಿಸಿ ನೋಡಿದಳು. ತೋರುಬೆರಳು. ನಡುಬೆರಳು. ಉಳಿದೆರಡು. ಎಲ್ಲ ಸರಿಯಾಗಿಯೇ ಇದ್ದವು.

“ನನ್ನ ಬೆರಳಿಗೆ ಏನೂ ಆಗಿಲ್ಲ, ತಮ್ಮಾ.”

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

“ಅವ್ವಾ, ಬ್ಯಾಸಗ್ಯಾಗ ಕೆಲವು ಸತ್ತೂ. ನಿನಗ ಹೇಳಿದ್ರ...”

“ಅವ್ವಾ!” ಒಳಗಿನಿಂದ ಮುರುಗೆಪ್ಪ ಕೂಗಿದ. “ಇದು ನನ್ನ ನೋಡಿ ಹಲ್ಲ ಕಿಸಿಯಾಕತ್ತೈತಲ್ಲ! ಏನ ತಿಂತೈತಿ ಇದು?”

ಸಿದ್ಧಾರೂಢ ನೆಲ ನೋಡಿದ. ಸತ್ಯವ್ವ ಅವನು ನಿಂತ ಕಡೆಗೆ ಮುಖ ತಿರುಗಿಸಿದಳು. ಪೊರೆ ಕಟ್ಟಿದ ಕಣ್ಣು ಅವನ ಭುಜದ ಆಚೆ ಎಲ್ಲೋ ನೆಟ್ಟಿತ್ತು. ತಡವಾಗಿ, ಆದರೆ ಗಟ್ಟಿಯಾಗಿ ಉತ್ತರ ಕೊಟ್ಟಳು.

“ಹುಳಾ ತಿಂತೈತೋ. ಹುಳಾ.”

“ಕೊಡ ತಗೊಂಬಾ,” ಎಂದಳು ಸಿದ್ಧಾರೂಢನಿಗೆ. ಅವನು ತಂದ. ಆಕೆ ಕೊಡದಲ್ಲಿ ಟಾಕಿಯ ನೀರು ತುಂಬಿಕೊಂಡು, ಎರಡೂ ಅಂಗೈ ಬೊಗಸೆ ಮಾಡಿ ನೀರಿನೊಳಗೆ ಹಿಡಿದಳು. ಹಳೆಯ ಮೀನು ತಾನಾಗಿ ಬಂದು ಬೊಗಸೆಯಲ್ಲಿ ನಿಂತಿತು. ಅದನ್ನು ಕೊಡಕ್ಕೆ ಬಿಟ್ಟು ಬಾಯಿಗೆ ಒದ್ದೆ ಅರಿವೆ ಕಟ್ಟಿದಳು. ಮಿಕ್ಕವನ್ನು ಮುಟ್ಟಲಿಲ್ಲ.

ಒಂಟಿ ಮೀನು ಮರಿ ಮಾಡುವುದಿಲ್ಲ. ಅದು ಅವನ ವಿಷಯವಾಗಿತ್ತು, ತರಗತಿಯಲ್ಲಾದರೆ ಹೇಳಬಹುದಿತ್ತು.

“ಉಳದಾವು?” ಎಂದ.

“ಅವು ನಿನ್ನವು.”

ಮುರುಗೆಪ್ಪ ಚಹಾದ ಬಟ್ಟಲು ಹಿಡಿದೇ ಹೊರಗೆ ಬಂದ. “ಎಷ್ಟದಾವು ಮೀನ?”

ಜಯಾ ಬಾಗಿಲಲ್ಲಿ ನಿಂತಳು. ಸಿದ್ಧಾರೂಢ ಬಾಯಿ ತೆರೆದ. ಸತ್ಯವ್ವನೇ ಮುಂದಾಗಿ ಹೇಳಿದಳು.

“ಹನ್ನೊಂದು.”

“ಒಂದೂ ಸತ್ತಿಲ್ಲ?” ಮುರುಗೆಪ್ಪ ತಮ್ಮನ ಬೆನ್ನಿಗೆ ಗುದ್ದಿದ. “ಶಾಭಾಷ್ ಮಗನ! ನನ್ನ ಕೈಯಾಗ ಇದ್ದಿದ್ರ ಎಂದೋ ನೆಗದ ಬಿದ್ದು ಹೋಗಿರ್ತಿದ್ದೂ. ಅವ್ವಾ, ಬಾವಿ ಮುಚ್ಚಿದ್ದಕ್ಕ ಹೊಂಡ ಕೊಟ್ಟೇನಿ. ನನ್ನ ಋಣ ತೀರ್ತು, ಹೌದಲ್ಲೋ?”

“ಹೂಂ,” ಎಂದಳು ಸತ್ಯವ್ವ. “ನಿಂದು ತೀರ್ತು.”

ಟಂಟಂ ಹತ್ತಿ ಕೊಡವನ್ನು ತೊಡೆಯ ಮೇಲಿಟ್ಟುಕೊಂಡಳು. ಸಿದ್ಧಾರೂಢ ಗುಳಿಗೆಯ ಪಾಕೀಟು ತಂದು ಕೈಗಿಟ್ಟ. ಬೇರೇನು ಕೊಡಬೇಕೋ ತಿಳಿಯಲಿಲ್ಲ. ಆಕೆ ಅದನ್ನು ಬೆರಳಿನಿಂದ ಸವರಿ ನೋಡಿ ಮರಳಿ ಚಾಚಿದಳು.

“ತಿರುಗಿ ತಗೋತಾರೇನೋ ಕೇಳಿ ನೋಡು.”

“ಮುಂದಿನ ಆದಿತ್ಯವಾರ ಊರಿಗೆ ಬರ್ತೇನಿ ಅವ್ವಾ.”

“ನಿನಗ ಕೆಲಸ ಇರ್ತಾವ,” ಎಂದಳು ಸತ್ಯವ್ವ. ಟಂಟಂ ಹೊರಳಿ, ಹೊಗೆ ಬಿಟ್ಟು, ಓಣಿ ದಾಟಿತು. ಕೊಡ ತುಳುಕದಂತೆ ಆಕೆ ಎರಡೂ ಕೈಯಿಂದ ತಬ್ಬಿಕೊಂಡದ್ದು ತಿರುವಿನವರೆಗೂ ಕಂಡಿತು.

“ಯಾವಾಗ ತಿರುಗಿ ಬರ್ತಾರಂತ?” ಜಯಾ ಕೇಳಿದಳು.

“ಹೇಳಲಿಲ್ಲ.”

“ನೀವು ಕೇಳಿದ್ರೇನು?”

ಅವನು ಒಳಗೆ ಹೋದ. ಬೆಳಗಿನ ಬಾಟಲಿ ಕರಗಿ ಬರೀ ನೀರಾಗಿತ್ತು. ಫ್ರಿಜ್ಜಿನಿಂದ ಗಟ್ಟಿಯಾದ ಎರಡನ್ನು ತಂದು ತೇಲಿಬಿಟ್ಟ. ಹಳೆಯ ಜರಡಿ ಮೊಳೆಗೆ ತೂಗುತ್ತಿತ್ತು. ಹೊರಗೆ ಹೋಗಿ ಒಂದು ಗಪ್ಪಿ ಹಿಡಿದು ತಂದ. ಒಂದು ತಿಂಗಳು ಬೇರೆ ಇಡಿ ಎಂದ ಆಫ್ತಾಬನ ಮಾತು ನೆನಪಾಯಿತು. ನೆನಪಾದ ಮೇಲೆ ಹಾಕಿದ.

ಮೀನು ಎರಡು ಸುತ್ತು ಹಾಕಿತು. ಬಿಳಿಯ ತಲೆಗಳು ಹೊರಳಲಿಲ್ಲ. ತುಸು ಹೊತ್ತಿನಲ್ಲಿ ಮೀನಿಗೆ ಧೈರ್ಯ ಬಂತು. ಸಣ್ಣ ಆಕ್ಸೊಲಾಟಲ್‌ನ ಬದಿಗೆ ಬಂದು ಗುಲಾಬಿ ಕಿವಿರನ್ನು ಮೆಲ್ಲಗೆ ಕಚ್ಚಿತು. ಮತ್ತೆ ಕಚ್ಚಿತು. ಒಂದು ಎಳೆ ಕಿತ್ತು ಬಂತು. ಪ್ರಾಣಿ ಅಲುಗಲಿಲ್ಲ. ನಗುತ್ತಿತ್ತು.

ಮೀನು ತೆಗೆಯಬೇಕೆಂದು ಅವನು ನೀರಿನೊಳಗೆ ಕೈ ಹಾಕಿದ. ಮೀನು ಬಾಟಲಿಯ ಹಿಂದೆ ಓಡಿತು. ಕೈ ಮಾತ್ರ ಅಲ್ಲಿ ಉಳಿಯಿತು. ತೆಗೆಯುವ ಬದಲು ಮಣಿಕಟ್ಟಿನವರೆಗೆ ಇಳಿಬಿಟ್ಟು, ಬೆರಳು ಸಡಿಲಿಸಿ, ಕಾದ.

ದೊಡ್ಡದು ತಳದಲ್ಲಿ ನಾಲ್ಕು ಹೆಜ್ಜೆ ನಡೆದು ಬಂತು. ತಲೆ ತುಸುವೇ ಹೊರಳಿತು, ಬಾಯಿ ತೆರೆದು ಮುಚ್ಚಿತು. ಕಿರುಬೆರಳಿನ ತುದಿ ಅದರ ಬಾಯೊಳಗಿತ್ತು. ಒಂದು ಕ್ಷಣ. ಆಮೇಲೆ ಬಾಯಿಗೆ ಬಂದ ಹರಳನ್ನು ಉಗುಳುವಂತೆ ಉಗುಳಿ, ಹಿಂದೆ ಸರಿಯಿತು.

ಅವನು ಕೈ ತೆಗೆಯಲಿಲ್ಲ. ಮಂಜಿನ ಬಾಟಲಿ ತೇಲುತ್ತ ಬಂದು ಮುಂಗೈಗೆ ಒರಗಿತು. ಅಂಗಳದಲ್ಲಿ ಮೂರನೆಯ ಮಳೆ ಶುರುವಾಯಿತು. ಟಾಕಿಯ ಮುಚ್ಚಳ ಹಾಕ್ರಿ ಎಂದು ಜಯಾ ಎಲ್ಲಿಂದಲೋ ಹೇಳಿದಳು. ಆ ತಂಪಿಗೆ ಮೊದಲು ಬೆರಳ ತುದಿ ಉರಿಯಿತು, ಆಮೇಲೆ ಉರಿ ಹೋಯಿತು. ಮೀನೋ ಪ್ರಾಣಿಯೋ ಯಾವುದೋ ಒಂದು ಮತ್ತೆ ಬಂದು ಬೆರಳ ಸುತ್ತ ಸುಳಿಯತೊಡಗಿತು. ಅದು ಕಚ್ಚುತ್ತಿದೆಯೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.